ಹುಡುಕಿದ್ದು ಗೂಗಲ್‌ನಲ್ಲಿ, ತೆರೆದದ್ದು ಬೇರೆಲ್ಲೋ: ಓದುಗರ ಕಂಪ್ಯೂಟರ್ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು: ಬ್ರೌಸರಿನ ಸರ್ಚ್ ತಾನಾಗಿಯೇ ಬದಲಾಗಿದೆ, ಮೊದಲಿನಂತೆ ಮಾಡುವುದು ಹೇಗೆ? ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಮೆನುಗಳ ಹೆಸರನ್ನು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವಂತೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡಿ ಎಂದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿಕೊಳ್ಳಿ.

ಪ್ರಶ್ನೆ: ಕಾರ್ಕಳದಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಬಿಲ್ ಮಾಡುವ ಕಂಪ್ಯೂಟರಿನ ಕ್ರೋಮ್‌ನಲ್ಲಿ ಮೇಲೆ ಏನಾದರೂ ಬರೆದು ಎಂಟರ್ ಒತ್ತಿದರೆ ಗುರುತಿಲ್ಲದ ಯಾವುದೋ ಪುಟ ಒಂದು ಕ್ಷಣ ಮಿಂಚಿ, ಆಮೇಲೆ ಯಾಹೂ ತೆರೆಯುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಮಾಡಿಟ್ಟೆ. ಮರುದಿನ ಬೆಳಿಗ್ಗೆ ಪುನಃ ಅದೇ ಕತೆ. ಎಂತ ಮಾಡುವುದು?

ಉತ್ತರ: ನೀವು ಬದಲಿಸಿದ ಜಾಗ ಸರಿ, ಬದಲಿಸಿದ ಹೊತ್ತು ತಪ್ಪು. ಆ ಸೆಟ್ಟಿಂಗನ್ನು ಬೇರೆ ಯಾವುದೋ ಹಿಡಿದುಕೊಂಡಿದೆ. ಹಿಡಿತ ಬಿಡಿಸದೆ ಎಷ್ಟು ಸಲ ಗೂಗಲ್ ಮಾಡಿದರೂ ಅದು ಹಿಂದಕ್ಕೆ ತಿರುಗಿಸಿಡುತ್ತದೆ. ಹೆಚ್ಚಿನ ಸಲ ಹಿಡಿದಿರುವುದು ಒಂದು ಎಕ್ಸ್‌ಟೆನ್ಶನ್, ಎಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ. ಮಧ್ಯೆ ಮಿಂಚುವ ಪುಟವೇ ಅದರ ಗುರುತು. ನೀವು ಬರೆದ ಪದವನ್ನು ಅದು ಮೊದಲು ತನ್ನ ಸರ್ವರಿಗೆ ಒಯ್ದು, ಅಲ್ಲಿಂದ ಯಾಹೂಗೋ ಬಿಂಗ್‌ಗೋ ದಾಟಿಸುತ್ತದೆ. ಅಲ್ಲಿ ನೀವು ಜಾಹೀರಾತು ಒತ್ತಿದರೆ ದಾಟಿಸಿದವನಿಗೆ ಕಮಿಷನ್. ಯಾಹೂವನ್ನು ಬೈದು ಪ್ರಯೋಜನವಿಲ್ಲ, ಅದು ಕೊನೆಯ ನಿಲ್ದಾಣ ಮಾತ್ರ.

ಮೊದಲು ಕ್ರೋಮ್‌ನ ಬಲ ಮೇಲಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಅಲ್ಲಿ ಎಡಗಡೆ ಸರ್ಚ್ ಎಂಜಿನ್ ತೆರೆಯಿರಿ. ಈಗಿರುವ ಎಂಜಿನ್ನಿನ ಕೆಳಗೆ ‘ಇಂಥ ಎಕ್ಸ್‌ಟೆನ್ಶನ್ ಈ ಸೆಟ್ಟಿಂಗನ್ನು ನಿಯಂತ್ರಿಸುತ್ತಿದೆ’ ಎಂಬರ್ಥದ ಸಾಲು, ಪಕ್ಕದಲ್ಲಿ ಡಿಸೇಬಲ್ ಬಟನ್ ಕಂಡರೆ ಕಳ್ಳ ಸಿಕ್ಕ ಹಾಗೆಯೇ. ಆದರೆ ಡಿಸೇಬಲ್ ಮಾಡಿದಷ್ಟಕ್ಕೆ ನಿಲ್ಲಬೇಡಿ. ಆಫ್ ಮಾಡಿಟ್ಟ ಎಕ್ಸ್‌ಟೆನ್ಶನ್ ಕಂಪ್ಯೂಟರಿನಲ್ಲೇ ಇರುತ್ತದೆ, ನಾಳೆ ಯಾರಾದರೂ ಪುನಃ ಆನ್ ಮಾಡಬಹುದು. ಮೂರು ಚುಕ್ಕಿ, ಎಕ್ಸ್‌ಟೆನ್ಶನ್ಸ್, ಮ್ಯಾನೇಜ್ ಎಕ್ಸ್‌ಟೆನ್ಶನ್ಸ್‌ಗೆ ಹೋಗಿ ರಿಮೂವ್ ಒತ್ತಿ.

ಅಂಥ ಸಾಲು ಕಾಣದಿದ್ದರೆ ಎಕ್ಸ್‌ಟೆನ್ಶನ್‌ಗಳ ಪುಟದಲ್ಲೇ ಹುಡುಕಬೇಕು. ಪಿಡಿಎಫ್ ಬದಲಿಸುವಂಥದ್ದು, ವಿಡಿಯೋ ಇಳಿಸುವಂಥದ್ದು, ಕೂಪನ್ ತೋರಿಸುವಂಥದ್ದು, ಹೆಸರಿನಲ್ಲಿ ‘ಸರ್ಚ್’, ‘ಟ್ಯಾಬ್’, ‘ಸ್ಟಾರ್ಟ್’ ಇರುವಂಥದ್ದು: ಅನುಮಾನ ಮೊದಲು ಇವುಗಳ ಮೇಲೆ. ಒಂದೊಂದರ ಡೀಟೇಲ್ಸ್ ಒತ್ತಿ ಪರ್ಮಿಶನ್ಸ್ ಓದಿ. ಪಿಡಿಎಫ್ ಬದಲಿಸುವುದಕ್ಕೆಂದು ಹಾಕಿದ್ದು ‘ನಿಮ್ಮ ಸರ್ಚ್ ಸೆಟ್ಟಿಂಗ್ ಬದಲಿಸುವುದು’, ‘ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಮಾಹಿತಿ ಓದುವುದು ಮತ್ತು ಬದಲಿಸುವುದು’ ಎಂದು ಅನುಮತಿ ಪಡೆದಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ, ತೆಗೆಯಿರಿ. ಯಾವುದೆಂದು ಹೊಳೆಯದಿದ್ದರೆ ಎಲ್ಲವನ್ನೂ ಆಫ್ ಮಾಡಿ ಕ್ರೋಮ್ ಮುಚ್ಚಿ ತೆರೆದು ಹುಡುಕಿ ನೋಡಿ. ಸರಿಯಾದರೆ ಒಂದೊಂದೇ ಆನ್ ಮಾಡುತ್ತಾ, ಪ್ರತಿ ಸಲ ಅಡ್ರೆಸ್ ಬಾರ್‌ನಲ್ಲಿ (ಮೇಲೆ ವಿಳಾಸ ಬರೆಯುವ ಪಟ್ಟಿಯಲ್ಲಿ) ಒಂದು ಪದ ಹುಡುಕಿ. ಯಾವುದನ್ನು ಆನ್ ಮಾಡಿದ ಕೂಡಲೇ ಆ ಪುಟ ಮಿಂಚುತ್ತದೋ ಅದೇ.

ಎಕ್ಸ್‌ಟೆನ್ಶನ್ ತೆಗೆದರೂ ಮರುದಿನ ಪುನಃ ಬಂದು ಕೂತರೆ ಅದನ್ನು ತಂದು ಕೂರಿಸುವ ಪ್ರೋಗ್ರಾಂ ವಿಂಡೋಸ್‌ನಲ್ಲಿದೆ ಎಂದರ್ಥ. ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಇನ್‌ಸ್ಟಾಲ್ ಆದವುಗಳ ಪಟ್ಟಿ ಉಂಟು, ಅದನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಅಥವಾ ಅದರ ಹಿಂದಿನ ದಿನ ಬಂದು ಕೂತದ್ದು ಏನೆಂದು ನೋಡಿ. ಪ್ರಿಂಟರಿನ ಡ್ರೈವರ್ ಬೇಕೆಂದು ಸಿಕ್ಕ ಸೈಟಿನಿಂದ ಇಳಿಸಿಕೊಂಡ ಫೈಲಿನ ಜೊತೆ ಇಂಥವು ಬರುವುದು ಮಾಮೂಲು. ನೆಕ್ಸ್ಟ್, ನೆಕ್ಸ್ಟ್ ಒತ್ತಿ ಹೋಗುವ ದಾರಿಯಲ್ಲಿ ಒಂದು ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಕಸ್ಟಮ್ ಅಥವಾ ಅಡ್ವಾನ್ಸ್ಡ್ ಆರಿಸಿಕೊಂಡರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಜಾಗವನ್ನು ಜನ ಮರೆಯುತ್ತಾರೆ: ಡೆಸ್ಕ್‌ಟಾಪ್‌ನಲ್ಲಿರುವ ಕ್ರೋಮ್ ಚಿತ್ರ. ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶಾರ್ಟ್‌ಕಟ್ ಟ್ಯಾಬ್. ಟಾರ್ಗೆಟ್ ಎಂಬ ಸಾಲು ‘ಕ್ರೋಮ್ ಡಾಟ್ ಇಎಕ್ಸ್‌ಇ’ ಮತ್ತು ಉದ್ಧರಣ ಚಿಹ್ನೆಗೆ ಮುಗಿಯಬೇಕು. ಅದರ ಆಚೆ ಯಾವುದಾದರೂ ವೆಬ್ ವಿಳಾಸ ಅಂಟಿಕೊಂಡಿದ್ದರೆ ಆ ಭಾಗವನ್ನಷ್ಟೇ ಅಳಿಸಿ ಓಕೆ ಕೊಡಿ. ಟಾಸ್ಕ್‌ಬಾರ್‌ನ ಕ್ರೋಮ್ ಚಿತ್ರದ ಶಾರ್ಟ್‌ಕಟ್ ಬೇರೆಯೇ. ಅದನ್ನು ಅನ್‌ಪಿನ್ ಮಾಡಿ, ಸ್ಟಾರ್ಟ್ ಮೆನುವಿನ ಕ್ರೋಮ್ ತೆರೆದು ಹೊಸದಾಗಿ ಪಿನ್ ಮಾಡುವುದು ಸುಲಭ. ಹಾಗೆಯೇ ಸೆಟ್ಟಿಂಗ್ಸ್‌ನ ‘ಆನ್ ಸ್ಟಾರ್ಟಪ್’ನಲ್ಲಿ, ಅಪಿಯರೆನ್ಸ್‌ನ ಹೋಮ್ ಬಟನ್ ಹತ್ತಿರ ಗುರುತಿಲ್ಲದ ವಿಳಾಸ ಇದ್ದರೆ ತೆಗೆದುಬಿಡಿ. ಸರ್ಚ್ ಎಂಜಿನ್, ಹೋಮ್ ಪೇಜ್, ಸ್ಟಾರ್ಟಪ್ ಪುಟ, ಹೊಸ ಟ್ಯಾಬ್ ಈ ನಾಲ್ಕೂ ಬೇರೆ ಬೇರೆ. ಒಂದನ್ನು ಸರಿ ಮಾಡಿದರೆ ಉಳಿದವು ತಾವಾಗಿ ಸರಿಯಾಗುವುದಿಲ್ಲ.

ಇಷ್ಟಾದ ಮೇಲೆ ಗೂಗಲ್ ಮಾಡಿಡುವ ಹೊತ್ತು ಬಂತು. ಸರ್ಚ್ ಎಂಜಿನ್ ಪುಟದಲ್ಲಿ ಚೇಂಜ್ ಒತ್ತಿ ಗೂಗಲ್ ಆರಿಸಿ. ಅದೇ ಪುಟದ ಕೆಳಗಿನ ‘ಮ್ಯಾನೇಜ್ ಸರ್ಚ್ ಎಂಜಿನ್ಸ್ ಆ್ಯಂಡ್ ಸೈಟ್ ಸರ್ಚ್’ಗೆ ಹೋಗಿ ಗುರುತಿಲ್ಲದ ಹೆಸರಿನ ಮೂರು ಚುಕ್ಕಿ ಒತ್ತಿ ಡಿಲೀಟ್ ಮಾಡಿ. ಡಿಲೀಟ್ ಕಾಣದಿದ್ದರೆ ಅದೇ ಇನ್ನೂ ಡಿಫಾಲ್ಟ್ (ತಾನಾಗಿಯೇ ಬಳಕೆಯಾಗುವ ಎಂಜಿನ್) ಆಗಿ ಕೂತಿದೆ. ಬೇರೊಂದಕ್ಕೆ ‘ಮೇಕ್ ಡಿಫಾಲ್ಟ್’ ಕೊಟ್ಟ ಮೇಲೆ ಅಳಿಸಲು ಬರುತ್ತದೆ.

ಕೊನೆಯಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಫುಲ್ ಸ್ಕ್ಯಾನ್‌ಗೆ ಬಿಡಿ. ಅಂಗಡಿ ಮುಚ್ಚುವ ಹೊತ್ತಿಗೆ ಶುರು ಮಾಡಿದರೆ ಬಿಲ್ಲಿಂಗಿಗೆ ತೊಂದರೆಯಿಲ್ಲ. ಕ್ರೋಮ್‌ನ ಒಳಗೇ ಕಂಪ್ಯೂಟರ್ ಸ್ವಚ್ಛ ಮಾಡುವ ಸಲಕರಣೆ ಉಂಟು ಎಂದು ಹಳೆಯ ಲೇಖನಗಳಲ್ಲಿ ಬರೆದಿರುತ್ತಾರೆ. ಅದನ್ನು ಗೂಗಲ್ 2023ರಲ್ಲಿ ತೆಗೆದುಹಾಕಿದೆ, ಹುಡುಕುತ್ತಾ ಕೂರಬೇಡಿ. ಜಾಹೀರಾತಿನಲ್ಲಿ ಕಾಣುವ ‘ಪಿಸಿ ಕ್ಲೀನರ್’ ಗಳನ್ನು ಹಾಕುವುದಂತೂ ಬೇಡವೇ ಬೇಡ. ಒಂದನ್ನು ಓಡಿಸಲು ಇನ್ನೊಂದನ್ನು ಮನೆಗೆ ಕರೆದ ಹಾಗೆ.

ಪ್ರಶ್ನೆ: ಸುರತ್ಕಲ್‌ನಲ್ಲಿ ಓದುತ್ತಿದ್ದೇನೆ. ‘ರಿಸೆಟ್ ಮಾಡಿ, ಎಲ್ಲ ಸರಿಯಾಗುತ್ತದೆ’ ಎಂದು ಗೆಳತಿ ಹೇಳಿದಳು. ಪ್ರಾಜೆಕ್ಟ್‌ಗೆಂದು ಸೇರಿಸಿಟ್ಟ ಬುಕ್‌ಮಾರ್ಕ್‌ಗಳು, ಪಾಸ್‌ವರ್ಡ್‌ಗಳು ಹೋಗುತ್ತವೆಯೇ? ಕ್ರೋಮ್, ಫೈರ್‌ಫಾಕ್ಸ್ ಎರಡೂ ಬಳಸುತ್ತೇನೆ.

ಉತ್ತರ: ಹೋಗುವುದಿಲ್ಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಎಡಪಟ್ಟಿಯ ಕೊನೆಯ ಕಡೆ ‘ರಿಸೆಟ್ ಸೆಟ್ಟಿಂಗ್ಸ್’ ಉಂಟು. ಅದರೊಳಗೆ ‘ರಿಸ್ಟೋರ್ ಸೆಟ್ಟಿಂಗ್ಸ್ ಟು ದೇರ್ ಒರಿಜಿನಲ್ ಡಿಫಾಲ್ಟ್ಸ್’ ಒತ್ತಿದರೆ ಸರ್ಚ್ ಎಂಜಿನ್, ಸ್ಟಾರ್ಟಪ್ ಪುಟ, ಹೊಸ ಟ್ಯಾಬ್, ಪಿನ್ ಮಾಡಿದ ಟ್ಯಾಬ್‌ಗಳು ಮೊದಲ ಸ್ಥಿತಿಗೆ ಬರುತ್ತವೆ. ಎಕ್ಸ್‌ಟೆನ್ಶನ್‌ಗಳೆಲ್ಲ ಆಫ್ ಆಗುತ್ತವೆ, ಕುಕೀಗಳು (ನಿಮ್ಮ ಲಾಗಿನ್ ನೆನಪಿಡಲು ಸೈಟುಗಳು ಬ್ರೌಸರಿನಲ್ಲಿ ಇಡುವ ಚಿಕ್ಕ ಮಾಹಿತಿ) ಅಳಿಯುತ್ತವೆ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿಟ್ಟ ಪಾಸ್‌ವರ್ಡ್ ಹಾಗೆಯೇ ಇರುತ್ತವೆ. ಕುಕೀ ಹೋಗುವುದರಿಂದ ಜಿಮೇಲ್, ಕಾಲೇಜಿನ ಪೋರ್ಟಲ್ ಎಲ್ಲದಕ್ಕೂ ಹೊಸದಾಗಿ ಲಾಗಿನ್ ಆಗಬೇಕು. ಪಾಸ್‌ವರ್ಡ್ ಬ್ರೌಸರಿನಲ್ಲಿ ಉಳಿಸದೆ, ನೆನಪಿನಲ್ಲೂ ಇಲ್ಲದೆ, ಬರೀ ಲಾಗಿನ್ ಆಗಿಯೇ ಇದ್ದುಕೊಂಡು ಕಾಲ ಕಳೆದ ಸೈಟುಗಳಿದ್ದರೆ ಅವಕ್ಕೆ ರಿಸೆಟ್‌ಗಿಂತ ಮೊದಲು ದಾರಿ ಮಾಡಿಕೊಳ್ಳಿ. ಗಮನಿಸಿ: ರಿಸೆಟ್ ಎಕ್ಸ್‌ಟೆನ್ಶನ್‌ಗಳನ್ನು ಆಫ್ ಮಾಡುತ್ತದೆ ಅಷ್ಟೆ, ತೆಗೆಯುವುದಿಲ್ಲ. ಕೆಟ್ಟದ್ದನ್ನು ನೀವೇ ರಿಮೂವ್ ಮಾಡಬೇಕು. ‘ಎಲ್ಲ ಸರಿಯಾಗುತ್ತದೆ’ ಎನ್ನುವ ಮಾತು ಅರ್ಧ ಸತ್ಯ.

ಫೈರ್‌ಫಾಕ್ಸ್‌ನಲ್ಲಿ ಎರಡು ಬೇರೆ ಬೇರೆ ಬಟನ್ ಇವೆ, ಗೊಂದಲ ಬೇಡ. ಸೆಟ್ಟಿಂಗ್ಸ್, ಸರ್ಚ್ ಪುಟದ ಕೆಳಗಡೆ ಎಂಜಿನ್‌ಗಳ ಪಟ್ಟಿಯ ಹತ್ತಿರ ‘ರಿಸ್ಟೋರ್ ಡಿಫಾಲ್ಟ್ ಸರ್ಚ್ ಎಂಜಿನ್ಸ್’ ಇದೆ. ಮೂಲದಲ್ಲಿದ್ದ ಗೂಗಲ್, ಬಿಂಗ್ ಮುಂತಾದವನ್ನು ನೀವು ಅಳಿಸಿದ್ದರೆ ಅವನ್ನು ಮರಳಿ ತರುವುದಷ್ಟೇ ಅದರ ಕೆಲಸ. ಹೊರಗಿನಿಂದ ಬಂದು ಸೇರಿದ್ದನ್ನು ಅದು ಓಡಿಸುವುದಿಲ್ಲ. ಹಾಗೆ ಸೇರಿದ್ದನ್ನು ಪಟ್ಟಿಯಲ್ಲಿ ಆರಿಸಿ ರಿಮೂವ್ ಮಾಡಬೇಕು, ಇಲ್ಲವೇ ಅದನ್ನು ತಂದ ಆ್ಯಡ್-ಆನ್ (ಎಕ್ಸ್‌ಟೆನ್ಶನ್‌ಗೆ ಫೈರ್‌ಫಾಕ್ಸ್‌ನಲ್ಲಿರುವ ಹೆಸರು) ತೆಗೆಯಬೇಕು. ದೊಡ್ಡ ರಿಪೇರಿ ಎಂದರೆ ‘ರಿಫ್ರೆಶ್ ಫೈರ್‌ಫಾಕ್ಸ್’. ಮೂರು ಗೆರೆಯ ಮೆನು, ಹೆಲ್ಪ್, ‘ಮೋರ್ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್’ ಪುಟದ ಬಲಗಡೆ ಆ ಬಟನ್ ಸಿಗುತ್ತದೆ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಜೊತೆಗೆ ಇಲ್ಲಿ ಕುಕೀಗಳೂ ಉಳಿಯುತ್ತವೆ. ಆ್ಯಡ್-ಆನ್, ಥೀಮ್, ನೀವು ಸೇರಿಸಿದ ಎಂಜಿನ್‌ಗಳು ಪೂರ್ತಿ ಹೋಗುತ್ತವೆ. ಮುಗಿದಾಗ ಡೆಸ್ಕ್‌ಟಾಪ್‌ನಲ್ಲಿ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಎಂಬ ಫೋಲ್ಡರ್ ಕಾಣುತ್ತದೆ. ವೈರಸ್ ಎಂದು ಹೆದರಬೇಡಿ, ನಿಮ್ಮದೇ ಹಳೆಯ ಪ್ರೊಫೈಲಿನ ಪ್ರತಿ. ಒಂದು ವಾರ ಎಲ್ಲ ಸರಿಯಾಗಿ ನಡೆದರೆ ಅಳಿಸಬಹುದು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರುವುದರಿಂದ ಲ್ಯಾಪ್‌ಟಾಪ್ ಮಾರುವ ಮುಂಚೆ ಅಳಿಸಲೇಬೇಕು.

ಪ್ರಶ್ನೆ: ಬ್ರಹ್ಮಾವರದ ನಮ್ಮ ಮನೆಯ ಕಂಪ್ಯೂಟರಿನ ಕ್ರೋಮ್ ಮೆನುವಿನ ಅಡಿಯಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂದು ಬರುತ್ತದೆ. ನಾನು ನಿವೃತ್ತ ಶಿಕ್ಷಕ, ನನಗೆ ಯಾವ ಆರ್ಗನೈಸೇಶನ್ನೂ ಇಲ್ಲ. ಒಂದು ಎಕ್ಸ್‌ಟೆನ್ಶನ್ ತೆಗೆಯೋಣವೆಂದರೆ ರಿಮೂವ್ ಬಟನ್ನೇ ಇಲ್ಲ.

ಉತ್ತರ: ಕಂಪನಿಗಳು ತಮ್ಮ ನೂರಾರು ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸಲೆಂದು ಕ್ರೋಮ್ ‘ಪಾಲಿಸಿ’ ಎಂಬ ವ್ಯವಸ್ಥೆ ಇಟ್ಟಿದೆ. ಅದೇ ಬಾಗಿಲಿನಿಂದ ಕೆಟ್ಟ ಪ್ರೋಗ್ರಾಂಗಳೂ ನುಗ್ಗುತ್ತವೆ. ಪಾಲಿಸಿಯಿಂದ ಬಂದ ಎಕ್ಸ್‌ಟೆನ್ಶನ್ನನ್ನು ನೀವು ತೆಗೆಯುವಂತಿಲ್ಲ, ರಿಸೆಟ್ ಕೂಡ ಅದನ್ನು ಮುಟ್ಟುವುದಿಲ್ಲ. ಎಲ್ಲರೂ ಸೋತು ಕೈಬಿಡುವುದು ಇಲ್ಲೇ.

ಕೆಲವು ಆ್ಯಂಟಿವೈರಸ್‌ಗಳೂ ಪಾಲಿಸಿ ಹಾಕುವುದರಿಂದ ಆ ಸಾಲು ಕಂಡದ್ದೇ ಅಪಾಯ ಎಂದೇನಲ್ಲ. ಮೊದಲು ನೋಡಿಕೊಳ್ಳಿ. ಅಡ್ರೆಸ್ ಬಾರ್‌ನಲ್ಲಿ ಕ್ರೋಮ್ ಎಂದು ಬರೆದು, ಒಂದು ಕೋಲನ್, ಎರಡು ಓರೆಗೆರೆ ಹಾಕಿ, ಪಾಲಿಸಿ ಎಂದು ಸೇರಿಸಿ ಎಂಟರ್ ಒತ್ತಿ. ಪಟ್ಟಿಯಲ್ಲಿ ‘ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಇದ್ದರೆ ಅದರ ಎದುರಿನ ‘ವ್ಯಾಲ್ಯೂ’ವನ್ನು ಬಿಡಿಸಿ ನೋಡಿ. 32 ಅಕ್ಷರಗಳ ಅರ್ಥವಿಲ್ಲದ ಉದ್ದ ಸಾಲೊಂದು ಕಾಣುತ್ತದೆ, ಎಲ್ಲ ಸಣ್ಣಕ್ಷರ, ಎ ಯಿಂದ ಪಿ ಯ ಒಳಗಿನವೇ. ಅದು ಎಕ್ಸ್‌ಟೆನ್ಶನ್ನಿನ ಐಡಿ. ಈಗ ಎಕ್ಸ್‌ಟೆನ್ಶನ್‌ಗಳ ಪುಟದಲ್ಲಿ ಬಲ ಮೇಲಿನ ಡೆವಲಪರ್ ಮೋಡ್ ಆನ್ ಮಾಡಿದರೆ ಪ್ರತಿಯೊಂದರ ಐಡಿ ಕೆಳಗೆ ಬರುತ್ತದೆ. ಎರಡೂ ತಾಳೆಯಾದದ್ದು ನಿಮ್ಮ ತೊಂದರೆ. ತಾಳೆ ನೋಡುವಾಗ ಮೊದಲ ಐದಾರು ಅಕ್ಷರ, ಕೊನೆಯ ಐದಾರು ಅಕ್ಷರ ಹೊಂದಿದರೆ ಸಾಕು.

ತೆಗೆಯುವುದು ರಿಜಿಸ್ಟ್ರಿಯಲ್ಲಿ, ಎಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತದಲ್ಲಿ. ಸಲೀಸಿಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವುದು ಒಳ್ಳೆಯದು. ಅದಕ್ಕೂ ಮುಂಚೆ, ಮೇಲಿನ ಉತ್ತರದಲ್ಲಿ ಹೇಳಿದಂತೆ ದಿನಾಂಕ ನೋಡಿ ಅನುಮಾನದ ಪ್ರೋಗ್ರಾಂ ತೆಗೆಯಿರಿ. ಇಲ್ಲದಿದ್ದರೆ ಅದು ರಿಜಿಸ್ಟ್ರಿಯನ್ನು ಪುನಃ ಬರೆಯುತ್ತದೆ. ಕ್ರೋಮ್ ಮುಚ್ಚಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ ರೆಜ್‌ಎಡಿಟ್ ಎಂದು ಬರೆದು ಎಂಟರ್ ಕೊಡಿ. ಎಡಗಡೆ ಎಚ್‌ಕೀ ಲೋಕಲ್ ಮೆಷಿನ್, ಅದರೊಳಗೆ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಇಳಿಯಿರಿ. ಕ್ರೋಮ್ ಎಂಬ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಎಕ್ಸ್‌ಪೋರ್ಟ್, ಡೆಸ್ಕ್‌ಟಾಪ್‌ನಲ್ಲಿ ಉಳಿಸಿ. ಎಡವಟ್ಟಾದರೆ ಆ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಹಿಂದಿನಂತಾಗುತ್ತದೆ. ಆಮೇಲೆ ಆ ಕ್ರೋಮ್ ಫೋಲ್ಡರನ್ನು ಡಿಲೀಟ್ ಮಾಡಿ. ಇದೇ ದಾರಿ ಎಚ್‌ಕೀ ಕರೆಂಟ್ ಯೂಸರ್‌ನ ಕೆಳಗೂ ಇರಬಹುದು, ಅಲ್ಲಿಯೂ ಹಾಗೆಯೇ. ಪಾಲಿಸೀಸ್‌ನ ಒಳಗಿನ ಮೈಕ್ರೋಸಾಫ್ಟ್ ಫೋಲ್ಡರನ್ನು ಮುಟ್ಟಬೇಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಕ್ರೋಮ್ ತೆರೆದು ಪಾಲಿಸಿ ಪುಟದಲ್ಲಿ ‘ರಿಲೋಡ್ ಪಾಲಿಸೀಸ್’ ಒತ್ತಿ. ಪಟ್ಟಿ ಖಾಲಿಯಾಗಿದ್ದರೆ ರಿಮೂವ್ ಬಟನ್ ಮರಳುತ್ತದೆ, ಅಥವಾ ಎಕ್ಸ್‌ಟೆನ್ಶನ್ನೇ ಮಾಯವಾಗಿರುತ್ತದೆ. ಆಮೇಲೆ ರಿಸೆಟ್.

ಇದನ್ನು ಓದಿ ಬ್ಯಾಂಕಿನ, ಆಸ್ಪತ್ರೆಯ, ಕಾಲೇಜಿನ ಲ್ಯಾಪ್‌ಟಾಪ್‌ನಲ್ಲಿ ಯಾರೂ ಪ್ರಯೋಗ ಮಾಡಬಾರದು. ಅಲ್ಲಿ ಆ ಸಾಲು ಇರಬೇಕಾದದ್ದೇ. ಏನಿದ್ದರೂ ಅಲ್ಲಿನ ಐಟಿ ವಿಭಾಗದವರಿಗೆ ಹೇಳಿ.

ಪ್ರಶ್ನೆ: ಮಣಿಪಾಲದಲ್ಲಿ ಪಿಜಿಯಲ್ಲಿದ್ದೇನೆ. ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸಿದೆ. ಕ್ರೋಮ್‌ಗೆ ಸೈನ್ ಇನ್ ಆದ ಸ್ವಲ್ಪ ಹೊತ್ತಿಗೆ ಅದೇ ಹಳೆಯ ಸರ್ಚ್ ಪುಟ ವಾಪಸ್! ಫಾರ್ಮ್ಯಾಟಿಗೆ ಕೊಟ್ಟ ದುಡ್ಡು ದಂಡವಾಯಿತೇ?

ಉತ್ತರ: ದಂಡವೇ ಆಯಿತು. ಫಾರ್ಮ್ಯಾಟಿನ ಅಗತ್ಯ ಇರಲಿಲ್ಲ. ಆ ಎಕ್ಸ್‌ಟೆನ್ಶನ್ ನಿಮ್ಮ ಗೂಗಲ್ ಖಾತೆಯಲ್ಲಿ ಸಿಂಕ್ ಆಗಿ (ಖಾತೆಗೆ ನಕಲಾಗಿ) ಕೂತಿದೆ. ನೀವು ಸೈನ್ ಇನ್ ಆದಲ್ಲೆಲ್ಲ ಅದೂ ಹಿಂಬಾಲಿಸುತ್ತದೆ. ಊರಿನ ಮನೆಯಲ್ಲಿ ಅಣ್ಣ ಬಳಸುವ ಕಂಪ್ಯೂಟರಿನಲ್ಲಿ ನಿಮ್ಮದೇ ಖಾತೆ ತೆರೆದಿದ್ದರೆ ಅಲ್ಲಿಂದಲೂ ಬರುತ್ತಿರಬಹುದು.

ಎಲ್ಲ ಕಂಪ್ಯೂಟರ್‌ಗಳಲ್ಲೂ ಮೊದಲು ಸಿಂಕ್ ನಿಲ್ಲಿಸಿ. ಬುಕ್‌ಮಾರ್ಕ್ ಮ್ಯಾನೇಜರ್‌ನ ಮೂರು ಚುಕ್ಕಿಯಲ್ಲಿ ಎಕ್ಸ್‌ಪೋರ್ಟ್ ಒತ್ತಿ ಒಂದು ಪ್ರತಿ ಇಟ್ಟುಕೊಳ್ಳಿ, ಪಾಸ್‌ವರ್ಡ್‌ಗಳು ಈ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತವೆಯೇ ನೋಡಿಕೊಳ್ಳಿ. ಒಂದೊಂದು ಕಂಪ್ಯೂಟರಿನಲ್ಲೂ ಎಕ್ಸ್‌ಟೆನ್ಶನ್ ತೆಗೆದು ಸರ್ಚ್ ಸರಿ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನ ‘ಯು ಆ್ಯಂಡ್ ಗೂಗಲ್’ನಲ್ಲಿ ಸಿಂಕ್ ಆದ ಮಾಹಿತಿ ನೋಡುವ ಕೊಂಡಿ ಉಂಟು. ಆ ಪುಟದ ತೀರಾ ಕೆಳಗಿನ ‘ಡಿಲೀಟ್ ಡೇಟಾ’ ಒತ್ತಿದರೆ ಗೂಗಲ್ ಸರ್ವರಿನಲ್ಲಿರುವ ಪ್ರತಿ ಅಳಿಯುತ್ತದೆ, ಕಂಪ್ಯೂಟರಿನಲ್ಲಿರುವುದು ಉಳಿಯುತ್ತದೆ. ಎಲ್ಲಕ್ಕಿಂತ ಸ್ವಚ್ಛವಾದ ಕಂಪ್ಯೂಟರಿನಲ್ಲಿ ಮೊದಲು ಸಿಂಕ್ ಆನ್ ಮಾಡಿ, ಉಳಿದವು ಆಮೇಲೆ. ಅಣ್ಣನಿಗೆ ಬೇರೆ ಪ್ರೊಫೈಲ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಕಾಪುವಿನಲ್ಲಿರುವ ಅಮ್ಮನ ಆಂಡ್ರಾಯ್ಡ್ ಫೋನಿನಲ್ಲಿ ಏನು ಹುಡುಕಿದರೂ ಜಾಹೀರಾತು ತುಂಬಿದ ಬೇರೆಯೇ ಪುಟ ಬರುತ್ತದೆ. ಕ್ರೋಮ್ ಸೆಟ್ಟಿಂಗ್‌ನಲ್ಲಿ ಗೂಗಲ್ ಎಂದೇ ಉಂಟು.

ಉತ್ತರ: ಆಂಡ್ರಾಯ್ಡ್ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ, ಹಾಗಾಗಿ ಕಂಪ್ಯೂಟರಿಗೆ ಹೇಳಿದ ಮದ್ದು ಇಲ್ಲಿ ನಡೆಯದು. ಅಮ್ಮ ಎಲ್ಲಿಂದ ಹುಡುಕುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿ. ಹೋಮ್ ಸ್ಕ್ರೀನ್‌ನಲ್ಲಿರುವ ಪಟ್ಟಿಯಿಂದಲೋ, ಫೋನಿನ ಕಂಪನಿ ಕೊಟ್ಟ ಬೇರೆ ಬ್ರೌಸರಿನಿಂದಲೋ ಹುಡುಕುತ್ತಿದ್ದರೆ ಕ್ರೋಮ್‌ನ ಸೆಟ್ಟಿಂಗ್ ಅದಕ್ಕೆ ಅನ್ವಯಿಸುವುದೇ ಇಲ್ಲ. ಫೋನಿನ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್‌ನಲ್ಲಿ ಬ್ರೌಸರ್ ಆ್ಯಪ್ ಕ್ರೋಮ್ ಆಗಿರಲಿ. ಹೋಮ್ ಆ್ಯಪ್ ಫೋನಿನ ಜೊತೆ ಬಂದದ್ದೇ ಆಗಿರಲಿ. ವಾಲ್‌ಪೇಪರ್, ಥೀಮ್ ಆಸೆಗೆ ಹಾಕಿದ ಲಾಂಚರ್ ಆ್ಯಪ್‌ಗಳು ತಮ್ಮದೇ ಸರ್ಚ್ ಪಟ್ಟಿ ತರುತ್ತವೆ.

ಕ್ರೋಮ್‌ನಲ್ಲೇ ಹುಡುಕಿದರೂ ಹೀಗಾಗುವುದಾದರೆ ಯಾವುದೋ ಆ್ಯಪ್ ಮೇಲಿನಿಂದ ಪುಟ ತೆರೆಯುತ್ತಿದೆ. ಪವರ್ ಬಟನ್ ಒತ್ತಿ ಹಿಡಿದು, ಬರುವ ಪವರ್ ಆಫ್ ಚಿಹ್ನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳು ಸೇಫ್ ಮೋಡ್‌ಗೆ ಹೋಗುತ್ತವೆ. ಅದರಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಅಲ್ಲಿ ಸರಿಯಿದ್ದರೆ ತಪ್ಪು ಆ್ಯಪ್‌ನದ್ದೇ. ಸ್ಪೆಷಲ್ ಆ್ಯಪ್ ಆ್ಯಕ್ಸೆಸ್‌ನ ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಪಟ್ಟಿ ತೆರೆದು ಟಾರ್ಚ್, ಕ್ಯೂಆರ್ ಸ್ಕ್ಯಾನರ್, ಕ್ಲೀನರ್ ಥರದವಕ್ಕೆ ಆ ಅನುಮತಿ ಇದೆಯೇ ನೋಡಿ. ಹೆಸರೇ ಇಲ್ಲದ, ಚಿತ್ರ ಖಾಲಿಯಿರುವ ಆ್ಯಪ್ ಕಂಡರೆ ಅದನ್ನೇ ಮೊದಲು ತೆಗೆಯಿರಿ. ಅನ್‌ಇನ್‌ಸ್ಟಾಲ್ ಮಂಕಾಗಿದ್ದರೆ ಸೆಟ್ಟಿಂಗ್ಸ್‌ನ ಹುಡುಕುಪಟ್ಟಿಯಲ್ಲಿ ‘ಡಿವೈಸ್ ಅಡ್ಮಿನ್’ ಎಂದು ಬರೆದು ಅಲ್ಲಿ ಅದರ ಅಧಿಕಾರ ಕಿತ್ತುಹಾಕಿದ ಮೇಲೆ ತೆಗೆಯಲು ಬರುತ್ತದೆ. ಆಮೇಲೆ ಪ್ಲೇ ಸ್ಟೋರ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಸ್ಕ್ಯಾನ್ ಮಾಡಿ.

ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಲ್ಲಿ ಬರುವ ಎಪಿಕೆ ಫೈಲನ್ನು (ಒತ್ತಿದರೆ ಆ್ಯಪ್ ಆಗಿ ಕೂರುವಂಥದ್ದನ್ನು) ಅಮ್ಮ ಒತ್ತಿದ್ದಾರೆಯೇ ಎಂದೂ ಕೇಳಿ, ಬೈಯದೆ ಕೇಳಿ. ಒತ್ತಿದ್ದರೆ ಇದು ಸರ್ಚಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಂಥವು ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತವೆ. ಫೋನಿನ ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಮಂಗಳೂರು ಹಂಪನಕಟ್ಟೆಯ ನಮ್ಮ ಆಫೀಸಿನಲ್ಲಿ ಕ್ರೋಮ್ ಡಿಫಾಲ್ಟ್, ಗೂಗಲ್ ಡಿಫಾಲ್ಟ್. ಆದರೂ ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ಹುಡುಕಿದರೆ ಎಡ್ಜ್ ಮತ್ತು ಬಿಂಗ್ ತೆರೆಯುತ್ತದೆ. ವೈರಸ್ಸೇ?

ಉತ್ತರ: ಅಲ್ಲ. ಆ ಪೆಟ್ಟಿಗೆ ವಿಂಡೋಸ್‌ನದ್ದು, ವೆಬ್ ಫಲಿತಾಂಶಗಳನ್ನು ಮೈಕ್ರೋಸಾಫ್ಟ್ ಹೀಗೆಯೇ ಇಟ್ಟಿದೆ. ಕ್ರೋಮ್‌ನಲ್ಲಿ ಏನು ಬದಲಿಸಿದರೂ ಅದಕ್ಕೆ ತಟ್ಟುವುದಿಲ್ಲ. ಫೈಲ್, ಪ್ರೋಗ್ರಾಂ ಹುಡುಕಲು ಅದನ್ನು, ವೆಬ್‌ಗೆ ಕ್ರೋಮ್ ಅನ್ನು ಬಳಸಿ. ಎಡ್ಜ್‌ನ ಒಳಗೆ ಗೂಗಲ್ ಬೇಕಿದ್ದರೆ ಸೆಟ್ಟಿಂಗ್ಸ್‌ನ ಹುಡುಕುಪೆಟ್ಟಿಗೆಯಲ್ಲಿ ‘ಅಡ್ರೆಸ್ ಬಾರ್’ ಎಂದು ಬರೆಯಿರಿ. ಅಲ್ಲಿ ಎರಡು ಆಯ್ಕೆ ಕಾಣುತ್ತವೆ. ಎಂಜಿನ್ ಬದಲಿಸುವುದು ಒಂದು. ಇನ್ನೊಂದು ಹೊಸ ಟ್ಯಾಬ್‌ನ ನಡುವಿನ ಪೆಟ್ಟಿಗೆಯದ್ದು. ಅದನ್ನು ಅಡ್ರೆಸ್ ಬಾರ್‌ಗೆ ತಿರುಗಿಸದಿದ್ದರೆ ಹೊಸ ಟ್ಯಾಬ್‌ನಲ್ಲಿ ಬಿಂಗ್ ಮುಂದುವರಿಯುತ್ತದೆ.

ಪ್ರಶ್ನೆ: ಮಲ್ಪೆಯಲ್ಲಿ ಮೀನಿನ ವ್ಯಾಪಾರ. ಪರದೆಯ ಬಲಮೂಲೆಯಲ್ಲಿ ‘ವೈರಸ್ ಇದೆ, ಈಗಲೇ ಸ್ಕ್ಯಾನ್ ಮಾಡಿ’ ಎಂದು ಗಳಿಗೆಗೊಮ್ಮೆ ಬರುತ್ತದೆ. ರಿಸೆಟ್ ಮಾಡಬೇಕೇ?

ಉತ್ತರ: ಬೇಡ. ಯಾವುದೋ ಸೈಟಿನಲ್ಲಿ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದಿದ್ದಕ್ಕೆ ಒತ್ತಿರುತ್ತೀರಿ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ‘ಅಲೋ’ ಪಟ್ಟಿಯಲ್ಲಿ ಗುರುತಿಲ್ಲದ ವಿಳಾಸಗಳ ಮೂರು ಚುಕ್ಕಿ ಒತ್ತಿ ಬ್ಲಾಕ್ ಮಾಡಿ. ಬರೀ ರಿಮೂವ್ ಮಾಡಿದರೆ ಆ ಸೈಟು ಇನ್ನೊಮ್ಮೆ ಕೇಳುತ್ತದೆ. ಪರದೆ ತುಂಬಾ ಎಚ್ಚರಿಕೆ ಬಂದು ಫೋನ್ ನಂಬರ್ ತೋರಿಸಿದರೆ ಆ ನಂಬರಿಗೆ ಕರೆ ಮಾಡಬಾರದು, ಅವರು ಹೇಳಿದ ಆ್ಯಪ್ ಹಾಕಬಾರದು. ಎಸ್ಕೇಪ್ ಕೀಯನ್ನು ಒತ್ತಿ ಹಿಡಿಯಿರಿ. ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರಿಗೆ ‘ಎಂಡ್ ಟಾಸ್ಕ್’ ಕೊಡಿ. ಮುಂದಿನ ಸಲ ತೆರೆದಾಗ ಬರುವ ‘ರಿಸ್ಟೋರ್ ಪೇಜಸ್’ ಒತ್ತಬೇಡಿ, ಅದೇ ಪುಟ ವಾಪಸ್ ಬರುತ್ತದೆ.

ಪ್ರಶ್ನೆ: ಮೂಡುಬಿದಿರೆಯ ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಇನ್ನೂ ವಿಂಡೋಸ್ 7. ಕ್ರೋಮ್ ಅಪ್‌ಡೇಟ್ ಆಗುವುದಿಲ್ಲ, ಸರ್ಚ್ ಆಗಾಗ ಬದಲಾಗುತ್ತದೆ.

ಉತ್ತರ: ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 109ನೇ ಆವೃತ್ತಿ. 2023ರ ಫೆಬ್ರವರಿಯ 110ರಿಂದ ವಿಂಡೋಸ್ 10 ಬೇಕು. ಮೇಲಿನ ಹಂತಗಳಿಂದ ಸರ್ಚ್ ಸರಿಯಾದೀತು, ಆದರೆ ಗಿರಾಕಿಗಳ ಪೆನ್‌ಡ್ರೈವ್ ದಿನವಿಡೀ ಚುಚ್ಚುವ, ಆಧಾರ್ ಪ್ರತಿ ತೆಗೆಯುವ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವ ಕಂಪ್ಯೂಟರ್ ಅದಾಗಿರಬಾರದು. ಅದನ್ನು ಪ್ರಿಂಟಿಗೆ ಮಾತ್ರ ಇಟ್ಟು ಇಂಟರ್ನೆಟ್ಟಿನ ಕೆಲಸಕ್ಕೆ ಬೇರೆ ನೋಡಿ. ಸರ್ಚ್ ಕೆಟ್ಟ ಕಂಪ್ಯೂಟರಿನಲ್ಲಿ ಸರ್ಕಾರಿ ಸೇವೆಯ ಹೆಸರು ಹುಡುಕಿದರೆ ಮೇಲೆ ಬರುವುದು ಹೆಚ್ಚಾಗಿ ಜಾಹೀರಾತು. ವಿಳಾಸ ‘ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯದಿದ್ದರೆ ಗಿರಾಕಿಯ ಮಾಹಿತಿ ತುಂಬಬೇಡಿ.

ಪ್ರಶ್ನೆ: ಕುಂದಾಪುರದಿಂದ ಬರೆಯುತ್ತಿದ್ದೇನೆ. ಬೇಡದ್ದನ್ನು ಅಳಿಸುವ ಭರದಲ್ಲಿ ಕ್ರೋಮ್‌ನ ಪಟ್ಟಿಯಿಂದ ಗೂಗಲನ್ನೇ ಅಳಿಸಿಬಿಟ್ಟೆ. ರಿಸೆಟ್ ಮಾಡದೆ ತರಬಹುದೇ? ಹಾಗೆಯೇ ಕನ್ನಡ ವಿಕಿಪೀಡಿಯವನ್ನು ನೇರವಾಗಿ ಹುಡುಕುವಂತೆ ಮಾಡಬಹುದೇ?

ಉತ್ತರ: ಎರಡಕ್ಕೂ ಒಂದೇ ವಿಧಾನ. ಗೂಗಲ್‌ನ ಪುಟಕ್ಕೆ ಹೋಗಿ ಇಂಗ್ಲಿಷ್ ಅಕ್ಷರದಲ್ಲಿ ‘ಅಡಿಕೆ’ ಎಂದು ಹುಡುಕಿ. ಕನ್ನಡ ಅಕ್ಷರದಲ್ಲಿ ಹುಡುಕಿದರೆ, ವಿಳಾಸ ನಕಲು ಮಾಡುವಾಗ ಅದು ಶೇಕಡಾ ಚಿಹ್ನೆಗಳ ಉದ್ದ ಮಾಲೆಯಾಗಿ, ಪದ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಬಂದ ಪುಟದ ವಿಳಾಸವನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಅದರಲ್ಲಿ ‘ಕ್ಯೂ’ ಅಕ್ಷರ, ಸಮ ಚಿಹ್ನೆ, ಆಮೇಲೆ ನಿಮ್ಮ ಪದ ಇರುತ್ತದೆ. ಪದದ ಜಾಗಕ್ಕೆ ಶೇಕಡಾ ಚಿಹ್ನೆ ಮತ್ತು ಸಣ್ಣಕ್ಷರದ ಎಸ್, ನಡುವೆ ಜಾಗ ಬಿಡದೆ ಹಾಕಿ. ಅದರ ನಂತರದ ಬಾಲವನ್ನೆಲ್ಲ ಕತ್ತರಿಸಿ. ಬಾಲ ಬಿಟ್ಟರೂ ಕೆಲಸ ನಡೆಯಬಹುದು, ಆದರೆ ಅದು ಆ ಒಂದು ಹುಡುಕಾಟಕ್ಕೆ ಸಂಬಂಧಿಸಿದ್ದು, ಎಲ್ಲದಕ್ಕೂ ಹೊತ್ತುಕೊಂಡು ತಿರುಗುವುದು ಬೇಡ. ‘ಕ್ಯೂ’ವಿನ ಮುಂಚೆ ಬೇರೇನಾದರೂ ಇದ್ದರೆ ಪ್ರಶ್ನಾರ್ಥಕ ಚಿಹ್ನೆಯ ಕೂಡಲೇ ‘ಕ್ಯೂ’ ಬರುವಂತೆ ಅದನ್ನೂ ತೆಗೆಯಿರಿ.

ಈಗ ‘ಮ್ಯಾನೇಜ್ ಸರ್ಚ್ ಎಂಜಿನ್ಸ್ ಆ್ಯಂಡ್ ಸೈಟ್ ಸರ್ಚ್’ನಲ್ಲಿ ಸೈಟ್ ಸರ್ಚ್‌ನ ಪಕ್ಕದ ಆ್ಯಡ್ ಒತ್ತಿ. ಹೆಸರು ಗೂಗಲ್, ಶಾರ್ಟ್‌ಕಟ್ ಜಿ, ಕೊನೆಯ ಖಾನೆಯಲ್ಲಿ ನೀವು ಕತ್ತರಿಸಿಟ್ಟ ವಿಳಾಸ. ಉಳಿಸಿದ ಮೇಲೆ ಅದರ ಮೂರು ಚುಕ್ಕಿಯಿಂದ ‘ಮೇಕ್ ಡಿಫಾಲ್ಟ್’.

ವಿಕಿಪೀಡಿಯದಲ್ಲಿ ಒಂದು ತೊಡಕುಂಟು. ‘ಉಡುಪಿ’ ಎಂದು ಹುಡುಕಿದರೆ ಆ ಹೆಸರಿನ ಲೇಖನಕ್ಕೇ ನೇರ ಹೋಗಿಬಿಡುತ್ತದೆ, ವಿಳಾಸದಲ್ಲಿ ಹುಡುಕಾಟದ ಸುಳಿವೇ ಇರುವುದಿಲ್ಲ. ಅದಕ್ಕೆ ಕನ್ನಡ ವಿಕಿಪೀಡಿಯದ ಹುಡುಕುಪೆಟ್ಟಿಗೆಯಲ್ಲಿ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರ ಕುಟ್ಟಿ ಎಂಟರ್ ಒತ್ತಿ. ಲೇಖನ ಸಿಗದೆ ಫಲಿತಾಂಶಗಳ ಪುಟ ಬರುತ್ತದೆ, ವಿಳಾಸದಲ್ಲಿ ‘ಸರ್ಚ್’, ಸಮ ಚಿಹ್ನೆ, ನಿಮ್ಮ ಅಕ್ಷರಗಳು ಕಾಣುತ್ತವೆ. ಅಲ್ಲಿಂದ ಮುಂದೆ ಮೇಲಿನಂತೆಯೇ. ಶಾರ್ಟ್‌ಕಟ್ ‘ಕೆ’ ಎಂದಿಟ್ಟರೆ, ಅಡ್ರೆಸ್ ಬಾರ್‌ನಲ್ಲಿ ಕೆ ಬರೆದು ಟ್ಯಾಬ್ ಕೀ ಒತ್ತಿ ಕನ್ನಡದಲ್ಲಿ ಪದ ಬರೆದರೆ ಸಾಕು. ಸ್ಪೇಸ್ ಒತ್ತಿದರೂ ಆಗುವಂತೆ ಅದೇ ಪುಟದಲ್ಲಿ ಆಯ್ಕೆ ಉಂಟು. ಆದರೆ ‘ಕೆ’ ಎಂಬ ಒಂಟಿ ಅಕ್ಷರದಿಂದ ಶುರುವಾಗುವ ಹುಡುಕಾಟ ನಿಮಗೆ ಆಗಾಗ ಬೇಕಾಗುವುದಾದರೆ ಟ್ಯಾಬ್ ಒಂದನ್ನೇ ಇಟ್ಟುಕೊಳ್ಳಿ.